ಲಕ್ಷ್ಮೇಶ್ವರದ ಕಲ್ಲು, ಈಜಿಪ್ಟಿನ ಹಾಳೆ

ಬಿಸಿಲೇರಿದರೆ ಕಾಗದ ಬೇಗ ಒಣಗಿ ಕಲ್ಲು ಬಿಟ್ಟೇಳುತ್ತದೆ. ಹಾಗಾಗಿ ಶಾಸನದ ಅಚ್ಚು ತೆಗೆಯುವವರು ಬೆಳಗಾಗುತ್ತಲೇ ಗುಡಿಯ ಅಂಗಳ ಸೇರುತ್ತಾರೆ. ಮೊದಲ ಕೆಲಸ ಕಲ್ಲಿನ ಮೈ ತೊಳೆಯುವುದು. ಎಣ್ಣೆಯ ಜಿಡ್ಡು, ಕುಂಕುಮ, ವರ್ಷವರ್ಷ ಬಳಿದ ಸುಣ್ಣ, ಮಳೆಗಾಲದ ಹಾವಸೆ ಎಲ್ಲ ಹೋಗುವ ತನಕ ತಿಕ್ಕಬೇಕು. ಅಕ್ಷರದ ಸಂದಿಯಲ್ಲಿ ಕೂತ ಮಣ್ಣನ್ನು ಬಿಡಿಸಿದ ಮೇಲೆ ನೀರಲ್ಲಿ ತೋಯಿಸಿದ ಕಾಗದವನ್ನು ಕಲ್ಲಿಗೆ ಅಂಟಿಸಿ, ಬಿರುಸು ಕೂದಲಿನ ಬ್ರಷ್ಷಿನಿಂದ ಬಡಿಯುತ್ತಾರೆ. ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಆಮೇಲೆ ಮಸಿ ಹಚ್ಚಿದ ಬಟ್ಟೆಯುಂಡೆಯಿಂದ ತಟ್ಟುತ್ತ ಹೋದರೆ ಮೈಯೆಲ್ಲ ಕಪ್ಪಾಗಿ, ತಗ್ಗಿನಲ್ಲಿದ್ದ ಅಕ್ಷರಗಳು ಮಾತ್ರ ಬೆಳ್ಳಗೆ ಉಳಿಯುತ್ತವೆ. ಇದೇ ಪಡಿಯಚ್ಚು. ಗದಗ, ಲಕ್ಕುಂಡಿ, ಮುಳಗುಂದ, ಲಕ್ಷ್ಮೇಶ್ವರ, ಡಂಬಳಗಳ ಸಾವಿರ ವರ್ಷದ ಚರಿತ್ರೆ ಪುಸ್ತಕಕ್ಕೆ ಬಂದದ್ದು ಬಹುಪಾಲು ಇಂಥ ಹಾಳೆಗಳ ಮೂಲಕ.

ಪ್ರಾಚೀನ ನಾಗರಿಕತೆಯ ಅಧ್ಯಯನ ಎಂದ ಕೂಡಲೇ ಪಿರಮಿಡ್ಡು, ಮಮ್ಮಿ, ತುತಂಖಾಮನ್‌ನ ಚಿನ್ನದ ಮುಖವಾಡ ಕಣ್ಣಿಗೆ ಬರುತ್ತವೆ. ಆದರೆ ಈಜಿಪ್ಟಾಲಜಿ ಎಂಬ ಶಾಸ್ತ್ರದ ದಿನನಿತ್ಯದ ಕೆಲಸದಲ್ಲಿ ಚಿನ್ನದ ಪಾಲು ಬಹಳ ಕಡಿಮೆ. ಗೋಡೆಯ ಬರಹವನ್ನು ನಕಲು ಮಾಡುವುದು, ಹರಿದ ಹಾಳೆ ಜೋಡಿಸುವುದು, ಅರಸರ ಆಳ್ವಿಕೆಯ ವರ್ಷ ಲೆಕ್ಕ ಹಾಕುವುದು, ಅಸಲಿ ಬರಹವನ್ನು ನಕಲಿಯಿಂದ ಬೇರ್ಪಡಿಸುವುದು, ಅಲ್ಲಿನ ವಿದ್ವಾಂಸರ ದಿನ ಕಳೆಯುವುದು ಹೀಗೆ. ಗದಗ ಸೀಮೆಯ ಶಾಸನಗಳನ್ನು ಓದಿದವರು ಮಾಡಿದ್ದೂ ಇದನ್ನೇ. ಎರಡು ಶಾಸ್ತ್ರಗಳೂ ಹುಟ್ಟಿದ್ದು ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ, ಒಂದೇ ಜಗಳದ ಬೆನ್ನಿಗೆ. ಮುಂದೆ ಒಮ್ಮೆ ಇವೆರಡೂ ಒಬ್ಬನೇ ವಿದ್ವಾಂಸನ ಮೇಜಿನ ಮೇಲೆ ಕೂಡಿದವು.

1799ರ ಬೇಸಿಗೆ

1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದಾಗ ಸೈನಿಕರ ಜೊತೆ ವಿದ್ವಾಂಸರ ದೊಡ್ಡ ತಂಡವನ್ನೂ ಕರೆದೊಯ್ದ. ಭಾರತಕ್ಕೆ ಹೋಗುವ ಬ್ರಿಟಿಷರ ದಾರಿಗೆ ಅಡ್ಡ ಹಾಕುವುದು, ಸಾಧ್ಯವಾದರೆ ಟಿಪ್ಪು ಸುಲ್ತಾನನ ಜೊತೆ ಕೈಜೋಡಿಸುವುದು ಅವನ ಲೆಕ್ಕಾಚಾರ. ಅದು ಕೈಗೂಡಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅದೇ ವರ್ಷ ಜುಲೈನಲ್ಲಿ ನೈಲ್ ನದಿಯ ಮುಖಜ ಭೂಮಿಯ ರೊಸೆಟ್ಟಾದಲ್ಲಿ ಕೋಟೆ ದುರಸ್ತಿ ಮಾಡುತ್ತಿದ್ದ ಫ್ರೆಂಚ್ ಸೈನಿಕರಿಗೆ ಮೂರು ಲಿಪಿಗಳಲ್ಲಿ ಬರೆದ ಒಂದು ಕರಿಗಲ್ಲು ಸಿಕ್ಕಿತು. ಯುದ್ಧ ಸೋತ ಫ್ರೆಂಚರಿಂದ ಅದನ್ನು ಬ್ರಿಟಿಷರು ಕಸಿದುಕೊಂಡರು. 1802ರಿಂದ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಸೇನಾ ಎಂಜಿನಿಯರ್ ಕಾಲಿನ್ ಮೆಕೆಂಜಿಗೆ ಗೆದ್ದ ನಾಡನ್ನು ಅಳೆಯುವ ಕೆಲಸ ಬಂತು. ಅವನು ಹೊಲ, ಕೆರೆ, ಗಡಿಗಳ ಜೊತೆಗೆ ಕೈಫಿಯತ್ತು, ಓಲೆಗರಿ, ಶಾಸನಗಳನ್ನೂ ಕೂಡಿಹಾಕಿದ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಓದಿದವರು ಕಾವಲಿ ವೆಂಕಟ ಬೊರಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರು. ಸಂಗ್ರಹಕ್ಕೆ ಇಂದಿಗೂ ಮೆಕೆಂಜಿಯ ಹೆಸರೇ ಇದೆ. ಈಜಿಪ್ಟಿನಲ್ಲೂ ಮಣ್ಣು ಅಗೆದ ಸ್ಥಳೀಯರ ಹೆಸರು ಮುಖಪುಟಕ್ಕೆ ಬಂದದ್ದು ಅಪರೂಪ.

ಸತ್ತ ಲಿಪಿ, ಬದುಕಿದ ಲಿಪಿ

ಈಜಿಪ್ಟಿನ ಚಿತ್ರಲಿಪಿಯ ಕೊನೆಯ ದಿನಾಂಕವುಳ್ಳ ಬರಹ ಕ್ರಿ.ಶ. 394ರದು, ಅದು ನೈಲ್ ನದಿಯ ಫಿಲೇ ದ್ವೀಪದ ಗುಡಿಯದು. ಆಮೇಲೆ ಸುಮಾರು 1400 ವರ್ಷ ಅದನ್ನು ಓದಬಲ್ಲವರು ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ. ರೊಸೆಟ್ಟಾ ಕಲ್ಲಿನ ಮೇಲೆ ಒಂದೇ ಶಾಸನ ಚಿತ್ರಲಿಪಿ, ಜನಬಳಕೆಯ ಡೆಮೋಟಿಕ್ ಲಿಪಿ ಮತ್ತು ಗ್ರೀಕ್‌ನಲ್ಲಿ ಇತ್ತು. ಗ್ರೀಕ್ ಭಾಗದ ಆಸರೆ ಹಿಡಿದು, ಈಜಿಪ್ಟಿನ ಚರ್ಚುಗಳಲ್ಲಿ ಉಳಿದಿದ್ದ ಕಾಪ್ಟಿಕ್ ಭಾಷೆಯ ಜ್ಞಾನವನ್ನು ಬೆರೆಸಿ, 1822ರಲ್ಲಿ ಫ್ರಾನ್ಸಿನ ಶಾಂಪೋಲಿಯನ್ ಗುಟ್ಟು ಒಡೆದ.

ಕನ್ನಡದ ಸ್ಥಿತಿ ಬೇರೆ. ಇಲ್ಲಿ ಲಿಪಿ ಸಾಯಲೇ ಇಲ್ಲ. ತಲೆಮಾರಿನಿಂದ ತಲೆಮಾರಿಗೆ ರೂಪ ಬದಲಿಸುತ್ತ ಬಂತು. ಎಂಟನೇ ಶತಮಾನದ ಕಲ್ಲಿನ ಮುಂದೆ ಇಂದಿನ ಓದುಬಲ್ಲವರು ನಿಂತರೆ ಒಂದೆರಡು ಅಕ್ಷರ ಪರಿಚಿತವೆನಿಸಿ, ಉಳಿದದ್ದು ಗೊಂದಲವಾಗುತ್ತದೆ. ತಲೆಕಟ್ಟು ಇಲ್ಲ, ಒತ್ತಕ್ಷರದ ಬಾಲ ಬೇರೆ, ಪದಪದಗಳ ನಡುವೆ ಜಾಗ ಬಿಡುವ ರೂಢಿಯೂ ಇಲ್ಲ. ಶಕಟರೇಫ, ರಳ ಎಂಬ ಎರಡು ಅಕ್ಷರಗಳು ವರ್ಣಮಾಲೆಯಿಂದಲೇ ಬಿದ್ದುಹೋಗಿವೆ. ಶಾಸನತಜ್ಞನಿಗೆ ಈ ಬದಲಾವಣೆಯೇ ಅನುಕೂಲ. ಯಾವ ಅಕ್ಷರವನ್ನು ಯಾವ ಕಾಲದಲ್ಲಿ ಹೇಗೆ ಕೆತ್ತುತ್ತಿದ್ದರೆಂದು ಗೊತ್ತಿದ್ದರೆ, ತೇದಿ ಇಲ್ಲದ ಕಲ್ಲಿಗೂ ಒಂದು ಶತಮಾನ ಗೊತ್ತುಮಾಡಬಹುದು.

ಶಾಂಪೋಲಿಯನ್‌ಗೆ ಕಾಪ್ಟಿಕ್ ಒದಗಿದ ಹಾಗೆ ಇಲ್ಲಿನವರಿಗೆ ಒದಗಿದ್ದು ಹಳಗನ್ನಡ ಕಾವ್ಯ ಮತ್ತು ವ್ಯಾಕರಣ. ಹದಿಮೂರನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟ್ಟೆಲ್ 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಮೇಲೆ ಶಾಸನ ಓದುವವರ ಕೈಗೆ ಒಂದು ಗಟ್ಟಿ ಊರುಗೋಲು ಸಿಕ್ಕಿತು.

ಎಲಿಯಟ್, ಫ್ಲೀಟ್ ಮತ್ತು ಮೂರು ಸರ್ಕಾರಗಳು

ಮುಂಬೈ ಕರ್ನಾಟಕದ ಶಾಸನಗಳನ್ನು ಮೊದಲು ಹಠ ಹಿಡಿದು ಕೂಡಿಸಿದವನು ವಾಲ್ಟರ್ ಎಲಿಯಟ್. 1824ರ ಕಿತ್ತೂರು ಕದನದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ಸೆರೆಸಿಕ್ಕ ಇಬ್ಬರು ಕಿರಿಯ ಅಧಿಕಾರಿಗಳಲ್ಲಿ ಇವನೂ ಒಬ್ಬ. ಬಿಡುಗಡೆಯಾದ ಮೇಲೆ ಇದೇ ಸೀಮೆಯಲ್ಲಿ ಉಳಿದು, ಊರೂರು ಸುತ್ತಿಸಿ 595 ಶಾಸನಗಳ ನಕಲು ಮಾಡಿಸಿದ. ಆ ಎರಡು ಹಸ್ತಪ್ರತಿ ಸಂಪುಟಗಳ ಆಧಾರದ ಮೇಲೆ ಅವನು ಬರೆದ ಪ್ರಬಂಧ ಕಲ್ಯಾಣದ ಚಾಲುಕ್ಯರಿಗೆ ಮೊದಲ ಬಾರಿ ಒಂದು ವಂಶಾವಳಿ ಒದಗಿಸಿತು. ಆದರೆ ಅವು ಕಣ್ಣಿಂದ ನೋಡಿ ಕೈಯಿಂದ ಬರೆದ ನಕಲುಗಳು. ಬರೆದವನಿಗೆ ಅರ್ಥವಾಗದ ಜಾಗದಲ್ಲಿ ತಪ್ಪು ನುಸುಳುತ್ತಿತ್ತು.

ಆ ಕೊರತೆ ನೀಗಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್. 1867ರಲ್ಲಿ ಮುಂಬೈ ಪ್ರಾಂತದ ಸೇವೆಗೆ ಬಂದ ಈತ ದಕ್ಷಿಣ ವಿಭಾಗದ ಶಿಕ್ಷಣ ಇನ್‌ಸ್ಪೆಕ್ಟರನಾಗಿದ್ದಾಗ ಹಳಗನ್ನಡವನ್ನೂ ಸಂಸ್ಕೃತವನ್ನೂ ಚೆನ್ನಾಗಿ ಕಲಿತ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಬರೆದುಕೊಂಡು ಪ್ರಕಟಿಸಿದವನೂ ಇವನೇ. ಬ್ರಿಟಿಷರು ಗಲ್ಲಿಗೇರಿಸಿದವನ ಹಾಡನ್ನು ಬ್ರಿಟಿಷ್ ಅಧಿಕಾರಿಯೇ ಕಾಪಿಟ್ಟದ್ದು ಇತಿಹಾಸದ ಒಂದು ತಮಾಷೆ. ಗದಗ, ಡಂಬಳ, ಲಕ್ಷ್ಮೇಶ್ವರಗಳ ಶಾಸನಗಳನ್ನು ಫ್ಲೀಟ್ ಅಚ್ಚಿನ ಹಾಳೆಯಿಂದ ಓದಿ, 1872ರಲ್ಲಿ ಶುರುವಾಗಿದ್ದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಒಂದರ ಹಿಂದೊಂದು ಪ್ರಕಟಿಸಿದ. 1882ರಲ್ಲಿ ಬಂದ ಅವನ ‘ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳು’ ಎಂಬ ಅರ್ಥದ ಇಂಗ್ಲಿಷ್ ಗ್ರಂಥ ಮುಂದಿನವರಿಗೆಲ್ಲ ಅಡಿಗಲ್ಲು. ಮರುವರ್ಷ ಅವನು ಭಾರತ ಸರ್ಕಾರದ ಮೊದಲ ಶಾಸನತಜ್ಞನಾದ.

ಇಷ್ಟಾದರೂ ಗದಗ ಸೀಮೆಯ ಶಾಸನಗಳು ಒಂದೆಡೆ ಕೂಡಿ ಬರಲು ತಡವಾಯಿತು. ಕಾರಣ ರಾಜಕೀಯದ್ದು. ಹಳೆಯ ಮೈಸೂರಿನಲ್ಲಿ ಬಿ.ಎಲ್. ರೈಸ್ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಜಿಲ್ಲಾವಾರು ಹೊರತಂದರು. ಅದರ ವ್ಯಾಪ್ತಿ ಮೈಸೂರು, ಕೊಡಗಿಗೆ ಸೀಮಿತ. ಇತ್ತ ಗದಗ, ಬೆಟಗೇರಿ, ಮುಂಡರಗಿಗಳು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಒಂದು ದಿನದ ನಡಿಗೆಯೊಳಗಿನ ಊರುಗಳಿಗೆ ಮೂರು ದರ್ಬಾರು. ಮುಂಬೈ ಕರ್ನಾಟಕದ ಶಾಸನಗಳು ಎಂದೇ ಪ್ರತ್ಯೇಕ ಸಂಪುಟ, ದಕ್ಷಿಣ ಭಾರತ ಶಾಸನಮಾಲೆಯ ಹನ್ನೊಂದನೆಯದಾಗಿ, ಬಂದದ್ದು 1940ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿತ್ತು. ಆರ್.ಎಸ್. ಪಂಚಮುಖಿ, ಪಿ.ಬಿ. ದೇಸಾಯಿ, ಆಮೇಲೆ ಶ್ರೀನಿವಾಸ ರಿತ್ತಿ, ಎಂ.ಎಂ. ಕಲಬುರ್ಗಿ ಮೊದಲಾದವರ ಕಾಲಕ್ಕೆ ಈ ಓದು ಪೂರ್ತಿ ಕನ್ನಡಿಗರ ಕೈಗೆ ಬಂತು.

ಎರಡು ಗ್ರಹಣ, ಇಬ್ಬರು ಅರಸರು

ಪ್ರಾಚೀನ ಈಜಿಪ್ಟಿನ ಚರಿತ್ರೆ ಬರೆಯುವವರ ದೊಡ್ಡ ತಲೆನೋವು ತೇದಿಯದು. ಅಲ್ಲಿ ಇಂಥ ಅರಸನ ಇಷ್ಟನೇ ವರ್ಷ ಎಂದಷ್ಟೇ ಬರೆಯುತ್ತಿದ್ದರು. ಅರಸ ಸತ್ತರೆ ಮತ್ತೆ ಒಂದರಿಂದ ಎಣಿಕೆ. ಹಾಗಾಗಿ ಲುಬ್ಧಕ ನಕ್ಷತ್ರದ ಉದಯದಂಥ ಆಕಾಶದ ಘಟನೆಗಳನ್ನು ಹಿಡಿದು ಕಾಲವನ್ನು ಬಿಗಿಯಬೇಕಾಯಿತು; ಹಳೆಯ ಕಾಲಕ್ಕೆ ಹೋದಷ್ಟೂ ಅಂದಾಜು ಸಡಿಲ. ಕರ್ನಾಟಕದಲ್ಲಿ ಶಕವರ್ಷ ಇತ್ತು. ಕಲ್ಯಾಣದ ಚಾಲುಕ್ಯ ಅರಸ ಆರನೇ ವಿಕ್ರಮಾದಿತ್ಯ ಅದನ್ನು ಬದಿಗಿಟ್ಟು 1076ರಿಂದ ತನ್ನದೇ ಚಾಲುಕ್ಯ ವಿಕ್ರಮ ಶಕೆ ನಡೆಸಿದರೂ ಲೆಕ್ಕ ತಪ್ಪುವುದಿಲ್ಲ. ಸಂವತ್ಸರ, ಮಾಸ, ತಿಥಿ, ವಾರ, ಮೇಲೊಂದು ಗ್ರಹಣವೋ ಸಂಕ್ರಾಂತಿಯೋ ಇದ್ದರೆ ದಿನವನ್ನೇ ಹಿಡಿಯಬಹುದು.

ಗದಗದ ತ್ರಿಕೂಟೇಶ್ವರ ಗುಡಿಯ ಎರಡು ಶಾಸನಗಳು ಇದಕ್ಕೆ ಹೇಳಿಮಾಡಿಸಿದ ಉದಾಹರಣೆ. ಒಂದು ದೇವಗಿರಿಯ ಯಾದವ ಭಿಲ್ಲಮನದು. ಶಕ 1113ರ ಜ್ಯೇಷ್ಠ ಅಮಾವಾಸ್ಯೆ, ರವಿವಾರ, ಸೂರ್ಯಗ್ರಹಣ ಎನ್ನುತ್ತದೆ. ಜರ್ಮನಿಯ ಗೊಟ್ಟಿಂಗನ್‌ನಲ್ಲಿ ಕೂತು ವಿದ್ವಾಂಸ ಕೀಲ್‌ಹಾರ್ನ್ ಅದನ್ನು ಓದಿ, ಲೆಕ್ಕ ಹಾಕಿ 1191ರ ಜೂನ್ 23 ಎಂದು ಗೊತ್ತುಮಾಡಿದರು. ಆ ದಿನ ಗ್ರಹಣವಾದದ್ದೂ ನಿಜ, ಅದು ರವಿವಾರವಾಗಿದ್ದದ್ದೂ ನಿಜ. ಭಿಲ್ಲಮ ತ್ರಿಕೂಟೇಶ್ವರನಿಗೆ ಹಿರಿಯ ಹಂದಿಗೋಳವನ್ನು ಬಿಟ್ಟುಕೊಟ್ಟ. ದಾನ ಪಡೆದವರು ಗುಡಿಯ ಸ್ಥಾನಾಚಾರ್ಯ ಸಿದ್ಧಾಂತಿ ಚಂದ್ರಭೂಷಣ ಪಂಡಿತರು.

ಇನ್ನೊಂದು ಹೊಯ್ಸಳ ವೀರಬಲ್ಲಾಳನದು. ಶಕ 1114ರ ಮಾರ್ಗಶಿರ ಹುಣ್ಣಿಮೆ, ಶನಿವಾರ, ಚಂದ್ರಗ್ರಹಣ. ಅಂದರೆ 1192ರ ನವೆಂಬರ್ 21. ಅದೇ ದೇವರಿಗೆ, ಅದೇ ಚಂದ್ರಭೂಷಣ ಪಂಡಿತರ ಕೈಗೆ ಹೊಂಬಳಲು, ಅಂದರೆ ಇಂದಿನ ಹೊಂಬಳ, ದತ್ತಿಯಾಯಿತು. ಎರಡರ ನಡುವೆ ಒಂದೂವರೆ ವರ್ಷವೂ ಇಲ್ಲ. ಆ ಸಂದಿನಲ್ಲೇ ನಾಡಿನ ಒಡೆತನ ಕೈ ಬದಲಾಗಿದೆ. ಭಿಲ್ಲಮನ ಬಲಗೈಯಂತಿದ್ದ ಜೈತ್ರಸಿಂಹನನ್ನು ಮುರಿದು ಕುಂತಳ ನಾಡನ್ನು ಗಳಿಸಿದನೆಂದು ಬಲ್ಲಾಳನ ಶಾಸನ ಹೇಳಿಕೊಳ್ಳುತ್ತದೆ. ಇವರಿಬ್ಬರ ಸೈನ್ಯ ಎದುರುಬದುರಾದ ಸೊರಟೂರು ಗದಗಿನಿಂದ ಬಹಳ ದೂರವಿಲ್ಲ.

ಎರಡೂ ಕಲ್ಲುಗಳನ್ನು ಒಟ್ಟಿಗೆ ಓದಿದಾಗ ಮಾತ್ರ ಕಾಣುವ ಸಂಗತಿ ಒಂದಿದೆ. ಸೋತವನೂ ಗೆದ್ದವನೂ ಒಂದೇ ಗುಡಿಯ ಬಾಗಿಲಿಗೆ, ಒಬ್ಬರೇ ಆಚಾರ್ಯರ ಮುಂದೆ ಬಂದಿದ್ದಾರೆ. ಹೊಸ ನಾಡಿನಲ್ಲಿ ಕಾಲೂರಬೇಕಾದ ಅರಸನಿಗೆ ತ್ರಿಕೂಟೇಶ್ವರದ ಮನ್ನಣೆ ಬೇಕಿತ್ತು. ಅರಸರು ಬದಲಾದರೂ ಚಂದ್ರಭೂಷಣ ಪಂಡಿತರ ಗಾದಿ ಅಲುಗಲಿಲ್ಲ. ಕದನದ ಕಥೆ ಹೇಳುವ ಪಠ್ಯಪುಸ್ತಕಗಳು ಈ ಪಂಡಿತರ ಸುದ್ದಿಗೆ ಹೋಗುವುದಿಲ್ಲ. ಗದಗದ ಮಟ್ಟಿಗಾದರೂ ಅವರೇ ಆ ವರ್ಷಗಳ ಮುಖ್ಯ ವ್ಯಕ್ತಿ.

ಅಸಲಿಯೋ ನಕಲಿಯೋ

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಪುಲಿಗೆರೆ ಮುನ್ನೂರು ಎಂಬ ಸೀಮೆಯ ರಾಜಧಾನಿ. ಕವಿರಾಜಮಾರ್ಗ ಕನ್ನಡದ ತಿರುಳೆಂದು ಎಣಿಸುವ ನಾಲ್ಕು ಊರುಗಳಲ್ಲಿ ಇದೂ ಒಂದು. 941ರ ಪಂಪಭಾರತವೂ ತನ್ನ ಭಾಷೆಗೆ ಪುಲಿಗೆರೆಯನ್ನೇ ಸಾಕ್ಷಿ ಕರೆಯುತ್ತದೆ. ಇಲ್ಲಿನ ಶಂಖ ಬಸದಿಯ ಶಾಸನಗಳು ಫ್ಲೀಟ್‌ಗೆ ಒಡ್ಡಿದ ಸವಾಲು ಸಣ್ಣದಲ್ಲ.

ಅಲ್ಲಿನ ಚಪ್ಪಡಿಗಳ ಮೇಲೆ ಬಾದಾಮಿ ಚಾಲುಕ್ಯರ ಕಾಲದ ದತ್ತಿಗಳಿವೆ. ವಿನಯಾದಿತ್ಯ, ವಿಜಯಾದಿತ್ಯ, ಎರಡನೇ ವಿಕ್ರಮಾದಿತ್ಯರು ಬಸದಿಗೂ ಜೈನ ಆಚಾರ್ಯರಿಗೂ ಕೊಟ್ಟದ್ದು ಎಂದು ಹೇಳುತ್ತವೆ. ತೇದಿಗಳು ಏಳು, ಎಂಟನೇ ಶತಮಾನದವು. ಅದೇ ಚಪ್ಪಡಿಯಲ್ಲಿ ಗಂಗ ಮಾರಸಿಂಹನ 968ರ ದತ್ತಿಯೂ ಇದೆ. ತೊಡಕು ಇಲ್ಲೇ. ಇನ್ನೂರು ವರ್ಷಗಳ ಅಂತರದ ದಾನಗಳು ಒಂದೇ ಬಗೆಯ ಅಕ್ಷರದಲ್ಲಿವೆ, ಆ ಅಕ್ಷರ ಹತ್ತನೇ ಶತಮಾನದ ಆಚೀಚಿನದು. ಕೆಲವು ಕಡೆ ತೇದಿಯ ವಿವರಗಳೂ ಹೊಂದುವುದಿಲ್ಲ. ಫ್ಲೀಟ್ ಇವುಗಳನ್ನು ಸಂಶಯಾಸ್ಪದ ಎಂದು ಬದಿಗೆ ಸರಿಸಿದ.

ಆದರೆ ಆಮೇಲಿನವರು, ಮುಖ್ಯವಾಗಿ ಪಿ.ಬಿ. ದೇಸಾಯಿ, ಬೇರೆ ವಿವರಣೆ ಕೊಟ್ಟರು. ತಾಮ್ರದ ಪಟದಲ್ಲೋ ಹಳೆಯ ಕಲ್ಲಲ್ಲೋ ಇದ್ದ ದಾಖಲೆಗಳನ್ನು ಬಸದಿಯವರು ಒಂದೆಡೆ ಮತ್ತೆ ಕೆತ್ತಿಸಿರಬೇಕು ಎಂಬುದು ಅವರ ವಾದ. ಮಠ, ಬಸದಿಗಳು ಆಸ್ತಿಯ ಮೇಲಿನ ಹಕ್ಕನ್ನು ಉಳಿಸಿಕೊಳ್ಳಲು ಹಳೆಯ ಸನದುಗಳನ್ನು ಒಟ್ಟು ಮಾಡುವುದು ಅಸಹಜವಲ್ಲ. ನಕಲು ಮಾಡುವಾಗ ಅಲ್ಲಲ್ಲಿ ತಪ್ಪೂ ಬರಬಹುದು, ಒಂದಿಷ್ಟು ಸೇರ್ಪಡೆಯೂ ಆಗಬಹುದು. ಸುಳ್ಳು ಎಂದು ತಳ್ಳಿಹಾಕಿದರೆ ಒಂದು ಧಾರ್ಮಿಕ ಕೇಂದ್ರದ ಮುನ್ನೂರು ವರ್ಷಗಳ ನೆನಪೇ ಕೈತಪ್ಪುತ್ತದೆ. ಪೂರ್ತಿ ನಂಬಿದರೆ ಚರಿತ್ರೆ ಸೊಟ್ಟಗಾಗುತ್ತದೆ. ಎಚ್ಚರದ ಓದು ಇವೆರಡರ ನಡುವಿನ ದಾರಿ ಹಿಡಿಯಬೇಕು.

ಈಜಿಪ್ಟಾಲಜಿಯಲ್ಲೂ ಇದಕ್ಕೆ ಸರಿಜೋಡಿ ಉಂಟು. ಕ್ರಿ.ಪೂ. ಎಂಟನೇ ಶತಮಾನದ ಕೊನೆಯಲ್ಲಿ ಆಳಿದ ಶಬಾಕ ಎಂಬ ಅರಸ ಹುಳು ತಿಂದ ಹಳೆಯ ಬರಹವನ್ನು ಕಂಡು ಕಲ್ಲಿಗೆ ಏರಿಸಿದೆನೆಂದು ಹೇಳಿಕೊಂಡಿದ್ದಾನೆ. ಬಹುಕಾಲ ವಿದ್ವಾಂಸರು ಅದನ್ನು ನಂಬಿ, ಆ ಪಠ್ಯವನ್ನು ಸಾವಿರಾರು ವರ್ಷ ಹಿಂದಕ್ಕೆ ಒಯ್ದಿದ್ದರು. ಈಗ ಬಹುಪಾಲು ಮಂದಿ ಅದು ಬಹಳ ಈಚಿನ ರಚನೆ, ಹಳೆಯದರ ಸೋಗು ಹಾಕಿದ್ದು ಎನ್ನುತ್ತಾರೆ. ಆ ಕಲ್ಲನ್ನು ಮುಂದೆ ಜನ ಬೀಸುವ ಕಲ್ಲಿನ ತಳವಾಗಿ ಬಳಸಿದ್ದರಿಂದ ನಡುವಿನ ಅಕ್ಷರಗಳೆಲ್ಲ ಸವೆದುಹೋಗಿವೆ. ಅದೂ ಬ್ರಿಟಿಷ್ ಮ್ಯೂಸಿಯಂನಲ್ಲೇ ಇದೆ.

ಹತ್ತು ಪಣದ ಮನೆ, ಮೂರು ಪಣದ ಮನೆ

ಲಕ್ಷ್ಮೇಶ್ವರದ ಇನ್ನೊಂದು ಶಾಸನದ ಬಗ್ಗೆ ಯಾರಿಗೂ ಅನುಮಾನವಿಲ್ಲ. ಅದೊಂದು ಕಂಬ. ವಿಜಯಾದಿತ್ಯ ಚಾಲುಕ್ಯ ಆಳುತ್ತಿದ್ದಾಗ ಯುವರಾಜನಾಗಿದ್ದ ವಿಕ್ರಮಾದಿತ್ಯ ಪೊರಿಗೆರೆಯ, ಅಂದರೆ ಪುಲಿಗೆರೆಯ, ಮಹಾಜನರಿಗೆ, ವರ್ತಕರ ಸಂಘವಾದ ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ ಅಂದರೆ ಪಂಗಡಗಳಿಗೆ ಕೊಟ್ಟ ಆಚಾರವ್ಯವಸ್ಥೆ ಅದರ ಮೇಲಿದೆ. ಕಾಲ ಕ್ರಿ.ಶ. 725ರ ಆಸುಪಾಸು, ಭಾಷೆ ಹಳಗನ್ನಡ. ಊರು ಹೇಗೆ ನಡೆಯಬೇಕು, ಅರಸನ ಅಧಿಕಾರಿಗಳು ಎಲ್ಲಿಯವರೆಗೆ ಕೈಹಾಕಬಹುದು ಎಂಬುದನ್ನು ಕಲ್ಲಿನ ಮೇಲೆ ಬರೆದಿಟ್ಟ ಕಟ್ಟಳೆ ಇದು.

ವಿವರಗಳು ಇಂದಿನ ಪುರಸಭೆಯವರಿಗೂ ಅಪರಿಚಿತವಲ್ಲ. ಮನೆಗಳಿಗೆ ದರ್ಜೆಯ ಪ್ರಕಾರ ತೆರಿಗೆ: ಮೇಲಿನ ದರ್ಜೆಯ ಮನೆಗೆ ಹತ್ತು ಪಣ, ನಡುವಿನದಕ್ಕೆ ಏಳು, ಕೆಳಗಿನದಕ್ಕೆ ಐದು, ತೀರ ಸಣ್ಣದಕ್ಕೆ ಮೂರು. ವಾಸವಿರುವ ಒಕ್ಕಲು ವೈಶಾಖದಲ್ಲಿ ಅಧಿಕಾರಿಗಳಿಗೆ ಸಲ್ಲಿಸಬೇಕು. ಕಳವು, ಸಣ್ಣಪುಟ್ಟ ಅಪರಾಧಗಳ ದಂಡ ಮತ್ತು ಮಕ್ಕಳಿಲ್ಲದೆ ಸತ್ತವರ ಆಸ್ತಿ ಕಾರ್ತಿಕದಲ್ಲಿ ಶ್ರೇಣಿಗೆ, ಅಂದರೆ ಕಸುಬುದಾರರ ಸಂಘಕ್ಕೆ, ಹೋಗಬೇಕು. ಕಂಚುಗಾರರ ಶ್ರೇಣಿಯ ಹೆಸರೂ ಬರುತ್ತದೆ. ಬಿಟ್ಟುಹೋದ ಮನೆ, ರಾಜದತ್ತಿ, ತಾಮ್ರಶಾಸನ, ತಲತಲಾಂತರದ ಅನುಭೋಗ, ಇವನ್ನೆಲ್ಲ ಅಧಿಕಾರಿಗಳು ಕಾಪಾಡಬೇಕು.

ಮಕ್ಕಳಿಲ್ಲದವರ ಆಸ್ತಿ ಅರಸನ ಬೊಕ್ಕಸಕ್ಕೆ ಎಂಬುದು ಹಲವೆಡೆಯ ರೂಢಿ. ಇಲ್ಲಿ ಅದು ಊರಿನ ಸಂಘದ ಪಾಲಾಯಿತು. ವರ್ತಕರೂ ಕುಶಲಕರ್ಮಿಗಳೂ ಎಷ್ಟು ಗಟ್ಟಿಯಾಗಿದ್ದರೆ ಯುವರಾಜನೇ ಅವರೊಡನೆ ಇಂಥ ಕರಾರಿಗೆ ಬಂದಾನು! ಈಜಿಪ್ಟಿನಲ್ಲಿ ರಾಜರ ಗೋರಿ ಕೊರೆಯುತ್ತಿದ್ದ ಕೆಲಸಗಾರರ ಹಳ್ಳಿ ದೇರ್ ಎಲ್ ಮದೀನಾದಿಂದ ಸಂಬಳ, ಜಗಳ, ಸಾಲದ ಚೀಟಿಗಳು ಸಾವಿರಗಟ್ಟಲೆ ಸಿಕ್ಕಿವೆ. ಅರಸರ ಹೊಗಳಿಕೆಯ ಕೆಳಗೆ ಅಡಗಿರುವ ಸಾಮಾನ್ಯರ ಬದುಕು ಹೊರಬರುವುದು ಇಂಥ ಬರಹಗಳಿಂದಲೇ. ಪುಲಿಗೆರೆಯ ಕಂಬ ಆ ಜಾತಿಯದು.

ಡಂಬಳದ ತಾರಾದೇವಿ

ಮುಂಡರಗಿ ತಾಲ್ಲೂಕಿನ ಡಂಬಳ ಎಂದರೆ ನಕ್ಷತ್ರಾಕಾರದ ದೊಡ್ಡಬಸಪ್ಪ ಗುಡಿ ನೆನಪಾಗುತ್ತದೆ. ಅದೇ ಊರಿನ ಒಂದು ಶಾಸನ ಬೇರೆಯೇ ಸುದ್ದಿ ಹೇಳುತ್ತದೆ. ಚಾಲುಕ್ಯ ವಿಕ್ರಮ ಶಕೆಯ 20ನೇ ವರ್ಷ, ಅಂದರೆ 1095ರಲ್ಲಿ, ಇಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವಿತ್ತು, ಆರ್ಯತಾರಾದೇವಿಯ ಪೂಜೆ ನಡೆಯುತ್ತಿತ್ತು. ಲೊಕ್ಕಿಗುಂಡಿಯಲ್ಲೂ, ಅಂದರೆ ಲಕ್ಕುಂಡಿಯಲ್ಲೂ, ಒಂದು ವಿಹಾರವಿತ್ತು. ದಾನಚಿಂತಾಮಣಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದ್ದನ್ನು ತಿಳಿಸುವ 1007ರ ಶಾಸನ ಎಲ್ಲರಿಗೂ ಗೊತ್ತು; ಬೌದ್ಧರ ಈ ನೆಲೆಯ ಬಗ್ಗೆ ಗೊತ್ತಿರುವವರು ಕಡಿಮೆ. ಕಟ್ಟಡ ಉಳಿಯದಿದ್ದರೂ ಕಲ್ಲಿನ ಬರಹ ಉಳಿದದ್ದರಿಂದ ಇಷ್ಟಾದರೂ ತಿಳಿಯಿತು.

ಆಕ್ಸಿರಿಂಕಸ್‌ನ ತಿಪ್ಪೆಯಲ್ಲಿ ಕನ್ನಡವೇ?

ಮರಳಿ ಈಜಿಪ್ಟಿಗೆ. ಕೈರೋ ನಗರದ ದಕ್ಷಿಣಕ್ಕೆ ಆಕ್ಸಿರಿಂಕಸ್ ಎಂಬ ಹಳೆಯ ಊ‌ರಿನ ತಿಪ್ಪೆಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು 1896ರ ಚಳಿಗಾಲದಿಂದ ಅಗೆಸತೊಡಗಿದರು. ಮಳೆ ಕಾಣದ ಮರಳಿನಲ್ಲಿ ಪಪೈರಸ್ ಹಾಳೆಗಳು ರಾಶಿರಾಶಿ ಉಳಿದಿದ್ದವು. 1903ರಲ್ಲಿ ಅವರು ಪ್ರಕಟಿಸಿದ 413ನೇ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಹಾಳೆ ಕ್ರಿ.ಶ. ಎರಡನೇ ಶತಮಾನದ್ದು. ಹಿಂದೂ ಮಹಾಸಾಗರದ ತೀರದ ಒಬ್ಬ ಅರಸನ ಸೆರೆಯಲ್ಲಿದ್ದ ಖ್ಯಾರಿಟಿಯನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಕಡೆಯವರು, ಅರಸನಿಗೂ ಅವನ ಮಂದಿಗೂ ನೀರು ಬೆರೆಸದ ಮದ್ಯ ಕುಡಿಸಿ, ಪಾರುಮಾಡುವುದು ಕಥೆ. ಅರಸನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ.

ಅದು ಕನ್ನಡ ಎಂದು 1904ರಲ್ಲಿ ವಾದಿಸಿದವರು ಹುಲ್ಟ್ಷ್. ಮದರಾಸಿನಲ್ಲಿ ಸರ್ಕಾರಿ ಶಾಸನತಜ್ಞರಾಗಿದ್ದು ಜರ್ಮನಿಗೆ ಮರಳಿದವರು. ಅರ್ಥಶಾಸ್ತ್ರದ ಓಲೆಗರಿ ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಈ ವಾದವನ್ನು ಮುಂದುವರಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಇದರ ಬೆನ್ನು ಹತ್ತಿದರು. ಅದು ತುಳು ಎಂದವರೂ ಇದ್ದಾರೆ. ಕನ್ನಡಿಗರಿಗೆ ಈ ಸುದ್ದಿ ಹಿಗ್ಗು ತಂದದ್ದು ಸಹಜ. ಶಾಲೆಯ ರಸಪ್ರಶ್ನೆಗಳಲ್ಲಿ ಇಂದಿಗೂ ಅದು ಸತ್ಯಸಂಗತಿಯಾಗಿಯೇ ಓಡಾಡುತ್ತಿದೆ.

1926ರಲ್ಲಿ ಲಂಡನ್ನಿನ ಈಜಿಪ್ಟ್ ಪುರಾತತ್ವ ಪತ್ರಿಕೆಯಲ್ಲಿ ಎಲ್.ಡಿ. ಬಾರ್ನೆಟ್ ಈ ವಾದವನ್ನು ತಳ್ಳಿಹಾಕಿದರು. ಬಾರ್ನೆಟ್ ಬ್ರಿಟಿಷ್ ಮ್ಯೂಸಿಯಂನ ಪ್ರಾಚ್ಯ ಗ್ರಂಥ ವಿಭಾಗದ ಮುಖ್ಯಸ್ಥರು. ಫ್ಲೀಟ್ 1917ರಲ್ಲಿ ತೀರಿಕೊಂಡ ಮೇಲೆ ಅವನ ಪಡಿಯಚ್ಚುಗಳ ರಾಶಿ ಈ ಮ್ಯೂಸಿಯಂ ಸೇರಿ, ಅವುಗಳ ಬಹಳಷ್ಟು ಪಾಠಗಳನ್ನು ಸಿದ್ಧಪಡಿಸಿದವರು ಇವರೇ. ಪುಲಿಗೆರೆಯ ಆಚಾರವ್ಯವಸ್ಥೆಯ ಕಂಬವನ್ನು ಎಪಿಗ್ರಾಫಿಯಾ ಇಂಡಿಕಾದ ಹದಿನಾಲ್ಕನೇ ಸಂಪುಟದಲ್ಲಿ ಸಂಪಾದಿಸಿದವರೂ ಇವರೇ. ಎಂಟನೇ ಶತಮಾನದ ಕನ್ನಡ ಹೇಗಿತ್ತೆಂದು ಕಂಬದಿಂದ ಬಲ್ಲ ಮನುಷ್ಯನ ಮುಂದೆ ಎರಡನೇ ಶತಮಾನದ ಕನ್ನಡ ಎನ್ನುವ ಹಾಳೆ ಬಂತು. ರೊಸೆಟ್ಟಾ ಕಲ್ಲು ಇದ್ದದ್ದೂ ಅದೇ ಮ್ಯೂಸಿಯಂನಲ್ಲಿ.

ತೊಡಕು ಎಲ್ಲಿದೆ ಎಂಬುದನ್ನು ಲಕ್ಷ್ಮೇಶ್ವರದ ಹೆಸರೇ ತೋರಿಸುತ್ತದೆ. ಹಳೆಯ ಶಾಸನಗಳಲ್ಲಿ ಅದು ಪುಲಿಗೆರೆ. ಬಹಳ ಕಾಲದ ಮೇಲಷ್ಟೇ ಹುಲಿಗೆರೆ. ಪದದ ಮೊದಲ ಪಕಾರ ಹಕಾರವಾಗತೊಡಗಿದ್ದು ಹತ್ತನೇ ಶತಮಾನದ ಸುಮಾರಿಗೆ. ಹುಲ್ಟ್ಷ್ ಅವರ ಓದಿನಲ್ಲಿ ‘ಹಾಕಿ’ ಎಂಬ ರೂಪವಿದೆ, ಇಂದಿನ ಮಾತಿನಂತೆಯೇ. ಸುಮಾರು 450ರ ಹಲ್ಮಿಡಿ ಶಾಸನದ ಭಾಷೆಯೇ ಇಂದಿನವರಿಗೆ ಅಷ್ಟು ದೂರವೆನಿಸುವಾಗ, ಅದಕ್ಕೂ ಹಿಂದಿನ ಹಾಳೆಯಲ್ಲಿ ಹೊಸಗನ್ನಡ ಇರುವುದು ಹೇಗೆ? ಕನ್ನಡನಾಡಿನ ಯಾವುದೋ ಮಾತಿನ ಸದ್ದನ್ನು ನಾಟಕಕಾರ ಕೇಳಿಸಿಕೊಂಡು ಅಣಕಿಸಿರಬಹುದು. ಅಥವಾ ನಗಿಸಲೆಂದೇ ಹೆಣೆದ ಅರ್ಥವಿಲ್ಲದ ಶಬ್ದಗಳಿರಬಹುದು. ಎರಡನೆಯದೇ ಹೆಚ್ಚು ಸಂಭವನೀಯ.

ಈಜಿಪ್ಟಿಗೂ ಈ ಕಡಲತೀರಕ್ಕೂ ನಂಟಿತ್ತು ಎಂಬುದಕ್ಕೆ ಪ್ರಹಸನದ ಹಂಗು ಬೇಕಿಲ್ಲ. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಗುಡಿಯಲ್ಲಿ ಏಳು ಕಿಲೋಗೂ ಹೆಚ್ಚು ಭಾರತದ ಕರಿಮೆಣಸು ಸಿಕ್ಕಿದೆ. ಅಲೆಕ್ಸಾಂಡ್ರಿಯಾದ ಟಾಲೆಮಿ ಎರಡನೇ ಶತಮಾನದಲ್ಲಿ ಬರೆದ ಭೂಗೋಳದಲ್ಲಿ ಬಾದಾಮಿ ಎಂದು ವಿದ್ವಾಂಸರು ಗುರುತಿಸುವ ಊರಿನ ಹೆಸರಿದೆ.

ಈಗಿನ ಕೆಲಸ

ಗದಗ 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ಮಿರಜ್, ಸಾಂಗಲಿಗಳ ಹಳೆಯ ಗೆರೆಗಳು ಅಳಿಸಿ ಈ ಊರುಗಳೆಲ್ಲ ಒಂದೇ ಆಡಳಿತದಡಿ ಬಂದಿವೆ. ದೊಡ್ಡ ಗುಡಿಗಳ ಶಾಸನಗಳಿಗೆ ಪುರಾತತ್ವ ಇಲಾಖೆಯ ಕಾವಲಿದೆ, ಲಕ್ಕುಂಡಿಯಲ್ಲಿ ವಸ್ತುಸಂಗ್ರಹಾಲಯವಿದೆ. ಆದರೆ ಹೊಲದ ಬದುವಿನ ಗಡಿಕಲ್ಲು, ಹಳ್ಳಿಯ ಹನುಮಪ್ಪನ ಗುಡಿಯ ಮುಂದಿನ ವೀರಗಲ್ಲು, ಕೆರೆ ಏರಿಯ ತುಂಡುಗಲ್ಲುಗಳಿಗೆ ಆ ಭಾಗ್ಯವಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಬಳಿಯುವ ಆಯಿಲ್ ಪೇಂಟು ಸುಣ್ಣಕ್ಕಿಂತ ಕೆಟ್ಟದ್ದು. ಸುಣ್ಣವನ್ನು ತೊಳೆಯಬಹುದು, ಪೇಂಟು ಕೆರೆಯಲು ಹೋದರೆ ಅಕ್ಷರದ ಅಂಚೇ ಎದ್ದುಬರುತ್ತದೆ. ಹೊಸ ಗರ್ಭಗುಡಿಗೆ ಮೆಟ್ಟಿಲಾಗಿ ಹೋದ ಕಲ್ಲು ಮತ್ತೆ ಓದಲು ಸಿಗುವುದಿಲ್ಲ.

ಸವೆದ ಅಕ್ಷರಗಳಿಗೆ ಈಗ ಹೊಸ ಉಪಾಯಗಳಿವೆ. ಬೇರೆಬೇರೆ ದಿಕ್ಕಿನಿಂದ ಬೆಳಕು ಬಿಟ್ಟು ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿದರೆ ಬರಿಗಣ್ಣಿಗೆ ಕಾಣದ ಗೆರೆ ಕಾಣುತ್ತದೆ. ಈಜಿಪ್ಟಿನ ಬರಹಗಳಿಗೂ ಇದನ್ನೇ ಬಳಸುತ್ತಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಆ ಊರಿನ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಜನರಿಗೆ ಒದಗಿಸುತ್ತಿದೆ. ಗದಗ ಸೀಮೆಗೆ ಅಂಥದೊಂದು ಕೆಲಸ ತುರ್ತಾಗಿ ಬೇಕು.

ಹೊಸ ಕಲ್ಲು ಪತ್ತೆಯಾದರೆ ನಡೆಯುವ ಕ್ರಮ ಮಾತ್ರ ಹಳೆಯದೇ. ಪಡಿಯಚ್ಚು ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ವಾರ್ಷಿಕ ವರದಿಯಲ್ಲಿ ಊರು, ಅರಸ, ತೇದಿ, ಎರಡು ಸಾಲಿನ ಸಾರಾಂಶ ಬರುತ್ತದೆ. ಪೂರ್ಣ ಪಾಠ ಸಂಪುಟದಲ್ಲಿ ಅಚ್ಚಾಗುವ ಹೊತ್ತಿಗೆ ವರ್ಷಗಟ್ಟಲೆ, ಕೆಲವೊಮ್ಮೆ ದಶಕಗಟ್ಟಲೆ ಕಾಲ ಹಿಡಿಯುತ್ತದೆ.